ಶಾಲೆ ವರ್ಗವ್ಯವಸ್ಥೆಯ ಸಾಧನವಾದರೆ ಮಾರ್ಕ್ಸ್‌ವಾದಿಗಳು ಶಾಲೆಗಾಗಿ ಏಕೆ ಹೋರಾಡಿದರು?

ಪ್ರಶ್ನೆ (ಸಮಾಜಶಾಸ್ತ್ರದ ವಿದ್ಯಾರ್ಥಿನಿ):
ಎಂ.ಎ. ಪರೀಕ್ಷೆಗಾಗಿ ಶಿಕ್ಷಣದ ಸಮಾಜಶಾಸ್ತ್ರವನ್ನು ಓದುತ್ತಿದ್ದೇನೆ. ಹಿಂದೆ ಚರ್ಚಿಗಿದ್ದ ಸ್ಥಾನ ಈಗ ಶಾಲೆಗೆ ಬಂದಿದೆ, ಆಳುವ ವರ್ಗದ ವಿಚಾರಗಳನ್ನು ಮಕ್ಕಳಲ್ಲಿ ಬೇರೂರಿಸುವ ಮುಖ್ಯ ಸಾಧನ ಅದೇ ಎಂದು ಫ್ರಾನ್ಸಿನ ಮಾರ್ಕ್ಸ್‌ವಾದಿ ತತ್ತ್ವಜ್ಞಾನಿ ಅಲ್ತುಸ್ಸೇರ್ 1970ರಲ್ಲಿ ಬರೆದರು. ತರಗತಿಯ ಶಿಸ್ತು, ಅಂಕಗಳಿಗಾಗಿಯೇ ಓದುವ ಅಭ್ಯಾಸ ಇವೆಲ್ಲ ಕಾರ್ಖಾನೆಯ ಶಿಸ್ತಿಗೂ ಕೂಲಿಗೂ ಹೊಂದಿಕೊಂಡಿವೆ ಎಂದು ಅಮೆರಿಕದ ಅರ್ಥಶಾಸ್ತ್ರಜ್ಞರಾದ ಬೌಲ್ಸ್ ಮತ್ತು ಗಿಂಟಿಸ್ 1976ರಲ್ಲಿ ವಾದಿಸಿದರು. ಆದರೆ ಮಾರ್ಕ್ಸ್ ಮತ್ತು ಎಂಗೆಲ್ಸ್ ಬರೆದ 1848ರ ಕಮ್ಯುನಿಸ್ಟ್ ಪ್ರಣಾಳಿಕೆಯೇ ಎಲ್ಲ ಮಕ್ಕಳಿಗೂ ಸಾರ್ವಜನಿಕ ಶಾಲೆಗಳಲ್ಲಿ ಉಚಿತ ಶಿಕ್ಷಣ ಬೇಕೆಂದು ಕೇಳುತ್ತದೆ. ಇವೆರಡನ್ನು ಹೇಗೆ ಹೊಂದಿಸಿಕೊಳ್ಳಬೇಕು? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1 (ಇತಿಹಾಸ ಉಪನ್ಯಾಸಕ):
ಆ ಬೇಡಿಕೆ ಹುಟ್ಟಿದ ಕಾಲದಲ್ಲಿ ಬಡವರ ಮಕ್ಕಳು ಗಿರಣಿಗಳಲ್ಲಿ ದುಡಿಯುತ್ತಿದ್ದರು. ಬ್ರಿಟನ್ನಿನ ಕಾರ್ಖಾನೆ ಕಾಯಿದೆಗಳ ಪ್ರಕಾರ ಅಂಥ ಮಕ್ಕಳು ಶಾಲೆಗೂ ಹೋಗಿದ್ದಾರೆಂಬ ಪ್ರಮಾಣಪತ್ರವನ್ನು ಮಾಲೀಕರು ಇಟ್ಟುಕೊಳ್ಳಬೇಕಿತ್ತು. 1844ರ ತಿದ್ದುಪಡಿಗೆ ಮುಂಚೆ, ತಮಗೇ ಬರೆಯಲು ಬಾರದ ಉಪಾಧ್ಯಾಯರು ಆ ಪತ್ರಗಳಿಗೆ ಸಹಿಯ ಬದಲು ಅಡ್ಡಗೀಟಿನ ಗುರುತು ಹಾಕುತ್ತಿದ್ದದ್ದು ಅಪರೂಪವಾಗಿರಲಿಲ್ಲವೆಂದು ಮಾರ್ಕ್ಸ್ ತಮ್ಮ ‘ಬಂಡವಾಳ’ ಗ್ರಂಥದಲ್ಲಿ ದಾಖಲಿಸುತ್ತಾರೆ. ಇಷ್ಟಾದರೂ ಅವರು ಶಾಲೆಯನ್ನು ತಳ್ಳಿಹಾಕಲಿಲ್ಲ. ಅರ್ಧ ದಿನ ಮಾತ್ರ ಶಾಲೆಯಲ್ಲಿರುವ ಗಿರಣಿಯ ಮಕ್ಕಳು ಇಡೀ ದಿನ ಓದುವವರಷ್ಟೇ, ಕೆಲವೊಮ್ಮೆ ಹೆಚ್ಚೇ, ಕಲಿಯುತ್ತಾರೆಂಬ ತನಿಖಾಧಿಕಾರಿಗಳ ವರದಿಯನ್ನು ಹಿಡಿದು, ದುಡಿಮೆ, ಪಾಠ, ವ್ಯಾಯಾಮ ಮೂರೂ ಕೂಡಿದ ಮುಂದಿನ ಶಿಕ್ಷಣದ ಬೀಜ ಇಲ್ಲಿದೆ ಎಂದರು.

ಇನ್ನೊಂದು ಅಂಶ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ. ಜರ್ಮನಿಯ ಕಾರ್ಮಿಕ ಪಕ್ಷದ ಕರಡು ಕಾರ್ಯಕ್ರಮವಾದ ಗೋಥಾ ಕಾರ್ಯಕ್ರಮವನ್ನು 1875ರಲ್ಲಿ ವಿಮರ್ಶಿಸುವಾಗ ಮಾರ್ಕ್ಸ್, ಶಾಲೆಗಳಿಗೆ ಹಣವನ್ನೂ ಶಿಕ್ಷಕರ ಅರ್ಹತೆಯನ್ನೂ ಕಾನೂನಿನಿಂದ ಗೊತ್ತುಮಾಡುವುದು ಬೇರೆ, ಪ್ರಭುತ್ವವನ್ನೇ ಜನರ ಗುರುವನ್ನಾಗಿ ನೇಮಿಸುವುದು ಬೇರೆ ಎಂದು ಬಿಡಿಸಿ ಹೇಳಿದರು. ಶಾಲೆ ಬೇಕೆಂದು ಕೇಳುವುದೆಂದರೆ ಅಲ್ಲಿ ಏನು ಕಲಿಸಬೇಕೆಂಬುದನ್ನು ಆಳುವವರಿಗೆ ಬಿಟ್ಟುಕೊಡುವುದಲ್ಲ; ನಿಮ್ಮ ಪ್ರಶ್ನೆಯ ಗಂಟು ಬಿಚ್ಚುವುದು ಇಲ್ಲಿಯೇ ಎಂಬುದು ನನ್ನ ಅಭಿಪ್ರಾಯ.

ಉತ್ತರ 2 (ಪ್ರೌಢಶಾಲಾ ಶಿಕ್ಷಕಿ):
ಇದಕ್ಕೆ ಬ್ರಿಟನ್ನಿನ ಸಮಾಜಶಾಸ್ತ್ರಜ್ಞ ಪಾಲ್ ವಿಲ್ಲಿಸ್ ಅವರ 1977ರ ಅಧ್ಯಯನವನ್ನೂ ಸೇರಿಸಿಕೊಳ್ಳಿ. ಇಂಗ್ಲೆಂಡಿನ ಕೈಗಾರಿಕಾ ಪಟ್ಟಣವೊಂದರ ಕಾರ್ಮಿಕ ಕುಟುಂಬಗಳ 12 ಹುಡುಗರನ್ನು ಅವರು ಹತ್ತಿರದಿಂದ ಗಮನಿಸಿದರು. ಈ ಹುಡುಗರು ವಿಧೇಯರಾಗಿರಲಿಲ್ಲ. ಶಿಕ್ಷಕರನ್ನು ಎದುರಿಸುತ್ತಿದ್ದರು, ಪಾಠ ಕೇಳುವ ಸಹಪಾಠಿಗಳನ್ನು ಹಂಗಿಸುತ್ತಿದ್ದರು, ಶರೀರಶ್ರಮವೇ ಗಂಡಸಿನ ಕೆಲಸವೆಂದು ನಂಬಿದ್ದರು. ಆ ಪ್ರತಿರೋಧವೇ ಅವರನ್ನು ಕಾರ್ಖಾನೆಯ ಕೆಲಸಕ್ಕೆ ಒಯ್ದಿತು. ತರಗತಿಯ ಕೊನೆಯ ಬೆಂಚಿನ ಮಕ್ಕಳನ್ನು ದಿನವೂ ನೋಡುವ ನನಗೆ, ಶಾಲೆಯನ್ನು ಬರೀ ಅಚ್ಚಿನಂತೆ ಕಾಣುವ ಸಿದ್ಧಾಂತಕ್ಕಿಂತ ಇದು ಹೆಚ್ಚು ಸತ್ಯವೆನಿಸುತ್ತದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಬಡ ಮಕ್ಕಳಿಗೆ ಬೇಗ ಕೆಲಸ ಸಿಗುವಂಥ ವೃತ್ತಿಶಿಕ್ಷಣವನ್ನು ಕೊಡುವುದು ಮಾರ್ಕ್ಸ್‌ವಾದಕ್ಕೆ ಹೆಚ್ಚು ಒಪ್ಪುವ ದಾರಿಯಲ್ಲವೇ?

ಉತ್ತರ 2 (ಮುಂದುವರಿಕೆ):
ಇಟಲಿಯ ಮಾರ್ಕ್ಸ್‌ವಾದಿ ಚಿಂತಕ ಗ್ರಾಂಶಿ ಅದನ್ನು ಖಂಡಿತವಾಗಿ ಒಪ್ಪುತ್ತಿರಲಿಲ್ಲ. 1923ರಲ್ಲಿ ಇಟಲಿಯ ಫ್ಯಾಸಿಸ್ಟ್ ಸರ್ಕಾರದ ಶಿಕ್ಷಣ ಸಚಿವ ಜೆಂಟಿಲೆ ತಂದ ಸುಧಾರಣೆಯನ್ನು ಟೀಕಿಸುತ್ತ ಅವರು ಸೆರೆಮನೆಯಲ್ಲಿ ಬರೆದ ಟಿಪ್ಪಣಿಗಳನ್ನು ಓದಿ. ವೃತ್ತಿಶಾಲೆಗಳು ಹೆಚ್ಚುವುದು ಮೇಲ್ನೋಟಕ್ಕೆ ಪ್ರಜಾಸತ್ತಾತ್ಮಕವಾಗಿ ಕಂಡರೂ, ಒಂದೊಂದು ವರ್ಗಕ್ಕೆ ಒಂದೊಂದು ಶಾಲೆಯಾದಾಗ ಹಳೆಯ ಅಂತರವೇ ಗಟ್ಟಿಯಾಗುತ್ತದೆ ಎಂಬುದು ಅವರ ವಾದ. ವ್ಯಾಕರಣ, ತರ್ಕ, ಗಂಟೆಗಟ್ಟಲೆ ಒಂದೆಡೆ ಕುಳಿತು ಓದುವ ಸಹನೆ, ಇವೆಲ್ಲ ಉಳ್ಳವರ ಮನೆಯ ಮಗುವಿಗೆ ಮನೆಯಲ್ಲೇ ಅರ್ಧ ಒದಗಿರುತ್ತವೆ. ರೈತನ ಮಗುವಿಗೆ ಅವನ್ನು ಶಾಲೆಯೇ ಕೊಡಬೇಕು. ಆದುದರಿಂದ ಗ್ರಾಂಶಿ ಕೇಳಿದ್ದು ಎಲ್ಲರಿಗೂ ಒಂದೇ ಆದ ಸಾಮಾನ್ಯ ಶಾಲೆಯನ್ನು. ಕಸುಬಿನ ಆಯ್ಕೆ ಅದಾದ ಮೇಲೆ.