ಸುಡದವರಿಗೂ ಸುಡುಗಾಡು ಯಾಕೆ?

ಬೈಲಹೊಂಗಲ ತಾಲ್ಲೂಕಿನ ನಮ್ಮ ಹೊಲದ ಮೂಲೆಯಲ್ಲಿ ಮನೆತನದ ಹಳೆಯ ಸಮಾಧಿಗಳಿವೆ. ಎಷ್ಟೋ ವರ್ಷ ಯಾರೂ ಆ ಕಡೆ ಹಾಯ್ದಿರಲಿಲ್ಲ. ಈ ಬೇಸಿಗೆಯಲ್ಲಿ ಜಾಲಿ ಕಡಿಸಿದೆವು. ಹನ್ನೊಂದು ಕಟ್ಟೆ ಕಂಡವು. ಒಂದು ಕಲ್ಲಿನ ಮೇಲೆ ಲಿಂಗ, ಬಸವಣ್ಣ, ಆಚೀಚೆ ಸೂರ್ಯ ಚಂದ್ರ. ಕೆಳಗೆ ಅಕ್ಷರ ಇದ್ದ ಹಾಗಿತ್ತು, ಆದರೆ ವರ್ಷಾವರ್ಷ ಸುಣ್ಣ ಬಳಿದು ಮುಚ್ಚಿಹೋಗಿತ್ತು. ನೀರು ಚಿಮುಕಿಸಿ ಬಿದಿರು ಕಡ್ಡಿಯಿಂದ ಮೆಲ್ಲಗೆ ಕೆರೆದೆ. ಸಿಕ್ಕಿದ್ದು 'ಲಿಂ.' ಅಷ್ಟೇ. ಲಿಂಗೈಕ್ಯ ಅನ್ನೋದರ ಮೊಟಕು. ಹೆಸರಿದ್ದ ಕಡೆ ಚಕ್ಕೆ ಎದ್ದುಹೋಗಿದೆ.

ಈಗ ಅಲ್ಲೊಂದು ಕಲ್ಲು ನಿಲ್ಲಿಸಬೇಕು. ಅದರ ಮೇಲೆ ಏನು ಬರೆಸೋದು ಅನ್ನೋದೇ ಜಗಳ. ಕಾಕಾನ ಮಗನಿಗೆ 'ರುದ್ರಭೂಮಿ' ಬೇಕು. ನನಗೆ ಅದು ಪಂಚಾಯ್ತಿ ಬೋರ್ಡಿನ ಮಾತು ಅನಿಸುತ್ತದೆ. ನಾನು 'ಗದ್ದುಗೆ' ಅಂದೆ. ಅತ್ತಿ ಒಪ್ಪಲಿಲ್ಲ. ಗದ್ದಿಗಿ ಏನಿದ್ದರೂ ಸ್ವಾಮಿಗಳಿಗೆ, ಶರಣರಿಗೆ ಅಂತೆ. "ಬೈಲಹೊಂಗಲದಾಗ ರಾಣಿ ಚನ್ನಮ್ಮಗ ಸಮಾಧಿ ಸಾಕಾಗೇತಿ, ನಿಮ್ಮ ಮುತ್ಯಾಗ ಗದ್ದಿಗಿ ಯಾಕಪಾ?" ಅಂದಳು. 1829ರಿಂದ ಅಲ್ಲೇ ಮಲಗಿರುವ ರಾಣಿಯನ್ನು ತಂದು ನಿಲ್ಲಿಸಿದ ಮೇಲೆ ನಾನೇನು ಮಾತಾಡಲಿ! ಗೌಂಡಿಗೆ ಈ ತಂಟೆಯೇ ಇಲ್ಲ. ಅವನಿಗೆ ಎಲ್ಲವೂ 'ಕಟ್ಟಿ'.

ಆದರೆ ಊರಿನ ಬಾಯಲ್ಲಿ ಆ ಜಾಗ ಮೊದಲಿನಿಂದಲೂ 'ಸುಡುಗಾಡ'. ನನ್ನ ಪ್ರಶ್ನೆ ಇರೋದು ಇಲ್ಲೇ. ನಾವು ಲಿಂಗಾಯತರು, ಸುಡುವ ಪದ್ಧತಿ ಇಲ್ಲ. ಕುಣಿ ತೋಡಿ, ಕೂರಿಸಿ, ವಿಭೂತಿ ಪತ್ರಿ ಹಾಕಿ ಮಣ್ಣು ಕೊಡುತ್ತೇವೆ. ಅಂತ್ಯಕ್ರಿಯೆಗೆ ಹೋಗುವುದಕ್ಕೂ 'ಮಣ್ಣಿಗೆ ಹೋಗೋದು' ಅಂತಲೇ ಅನ್ನುತ್ತೇವೆ. ಹಾಗಿದ್ದೂ ಜಾಗದ ಹೆಸರಿನಲ್ಲಿ 'ಸುಡು' ಹೇಗೆ ಬಂತು?

ತಮಿಳಿನಲ್ಲಿ ಎರಡು ಪದ ಇವೆ. ಸುಡುವ ಜಾಗ ಸುಡುಕಾಡು, ಹೂಳುವ ಜಾಗ ಇಡುಕಾಡು. 'ಇಡು' ನಮ್ಮಲ್ಲೂ ದಿನಬಳಕೆಯ ಮಾತು, ಆದರೆ ಇಡುಗಾಡು ಅನ್ನೋದನ್ನು ನಾನಂತೂ ಈ ಕಡೆ ಕೇಳಿಲ್ಲ. ಕೊನೆಯ 'ಕಾಡು' ಕೂಡ ಗಿಡಮರದ ಕಾಡಲ್ಲ ಅಂತ ನನ್ನ ಅನುಮಾನ. 'ಊರು ಹೋಗು ಅನ್ನುತ್ತೆ, ಕಾಡು ಬಾ ಅನ್ನುತ್ತೆ' ಅಂತ ಮುದುಕರಿಗೆ ಅನ್ನುವುದಿಲ್ವಾ? ಅಲ್ಲಿ ಕಾಡು ಅಂದರೆ ಸತ್ತವರ ಜಾಗವೇ. ಹಾಗಾದರೆ ಮುಖ್ಯ ಅರ್ಥ 'ಕಾಡು' ಅನ್ನೋದರಲ್ಲೇ ಇದ್ದು, 'ಸುಡು' ಸುಮ್ನೆ ಅಂಟಿಕೊಂಡು ಉಳಿದಿರಬಹುದು. ಇದು ನನ್ನ ಊಹೆ.

ಹೂಳುವ ಜಾಗಕ್ಕೆ ನಿಮ್ಮ ಕಡೆ ಬೇರೆ ಮಾತು ಇದೆಯಾ? ಇಡುಗಾಡು ಅಥವಾ ಅದಕ್ಕೆ ಹತ್ತಿರದ್ದು ಯಾವುದಾದರೂ ಊರಿನಲ್ಲಿ, ಶಾಸನದಲ್ಲಿ ಸಿಕ್ಕಿದೆಯಾ? ವಿಜಯಪುರ, ಬಾಗಲಕೋಟೆ ಕಡೆಯವರು ಮನೆಯ ಹಿರಿಯರ ಸಮಾಧಿಗೂ ಗದ್ದಿಗಿ ಅನ್ನುತ್ತಾರಾ ಅನ್ನೋದನ್ನೂ ಹೇಳಿ. ಅನ್ನುತ್ತಾರೆ ಅಂತಾದರೆ ಅತ್ತಿಯ ಮುಂದೆ ಇನ್ನೊಮ್ಮೆ ವಾದಕ್ಕೆ ಕೂರುತ್ತೇನೆ. ಕಲ್ಲು ಕೆತ್ತುವವನು ಅಮಾಸಿ ಮುಗಿದ ಮೇಲೆ ಬರುತ್ತಾನೆ.