ವಿಂಡೋಸ್‌ನಲ್ಲಿ ಕೋಡಿಂಗ್ ಸೆಟಪ್: ಕೇಳಿ, ಉತ್ತರಿಸುತ್ತೇನೆ

ಪ್ರಶ್ನೆ: ಸರ್, ಪೈಥಾನ್ ಹಾಕಿದ್ದೇನೆ. ಆದರೂ ಕಮಾಂಡ್ ಪ್ರಾಂಪ್ಟ್‌ನಲ್ಲಿ ಪೈಥಾನ್ ಅಂತ ಹೊಡೆದರೆ ಮೈಕ್ರೋಸಾಫ್ಟ್ ಸ್ಟೋರ್ ತೆರೆದುಕೊಳ್ಳುತ್ತದೆ.

ಉತ್ತರ: ಇನ್‌ಸ್ಟಾಲರ್‌ನ ಮೊದಲ ಪುಟದಲ್ಲೇ ಪಾಥ್‌ಗೆ (ಕಮಾಂಡ್ ಹೊಡೆದಾಗ ವಿಂಡೋಸ್ ಹುಡುಕುವ ಫೋಲ್ಡರ್‌ಗಳ ಪಟ್ಟಿ) ಸೇರಿಸುವ ಟಿಕ್ ಇತ್ತು, ಬಿಟ್ಟಿದ್ದೀರಿ. ತೆಗೆದು ಮತ್ತೆ ಹಾಕಿ. ಸೆಟ್ಟಿಂಗ್ಸ್‌ನ ‘ಆ್ಯಪ್ ಎಕ್ಸಿಕ್ಯೂಷನ್ ಅಲಿಯಾಸಸ್’ನಲ್ಲಿ ಪೈಥಾನ್‌ನ ಎರಡೂ ಸ್ವಿಚ್ ಆಫ್ ಮಾಡಿ.

ಪ್ರಶ್ನೆ: 8 ಜಿಬಿ ರ‍್ಯಾಮ್‌ನಲ್ಲಿ ಡಾಕರ್ (ಆ್ಯಪ್‌ಗಳನ್ನು ಪ್ರತ್ಯೇಕ ಡಬ್ಬಿಗಳಲ್ಲಿ ಓಡಿಸುವ ತಂತ್ರಾಂಶ) ಓಡುತ್ತದಾ?

ಪ್ರಶ್ನೆ: ಪಾಥ್‌ಗೆ ಸೇರಿಸಲು ವಾಟ್ಸಾಪ್‌ನಲ್ಲಿ ಬಂದ ಸೆಟ್‌ಎಕ್ಸ್ ಕಮಾಂಡನ್ನು ಅಡ್ಮಿನ್ ಆಗಿ ಓಡಿಸಿದೆ. 1024 ಅಕ್ಷರ ಅಂತ ಏನೋ ಎಚ್ಚರಿಕೆ ಬಂತು. ಈಗ ಜಾವಾನೂ ಇಲ್ಲ, ಕೋಡ್‌ನ ಆವೃತ್ತಿ ಕಾಯುವ ಗಿಟ್ಟೂ ಇಲ್ಲ!

ಉತ್ತರ: ಆ ಕಮಾಂಡ್ ಕಿಟಕಿ ಇನ್ನೂ ತೆರೆದಿದೆಯಾ? ಮುಚ್ಚಬೇಡಿ, ರೀಸ್ಟಾರ್ಟ್ ಕೂಡ ಬೇಡ. ಸೆಟ್‌ಎಕ್ಸ್ 1024 ಅಕ್ಷರ ದಾಟಿದ್ದನ್ನು ಕತ್ತರಿಸಿ ಎಸೆಯುತ್ತದೆ, ಉಳಿದಿದ್ದನ್ನು ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಸೆಟ್ಟಿಂಗ್ ಇಡುವ ಜಾಗ) ಬರೆಯುತ್ತದೆ. ಆದರೆ ತೆರೆದಿರುವ ಕಿಟಕಿ ತೆರೆಯುವಾಗಲೇ ಪಾಥ್‌ನ ನಕಲು ಇಟ್ಟುಕೊಂಡಿರುತ್ತದೆ, ಹಳೆಯದು ಅಲ್ಲೇ ಪೂರ್ತಿ ಇದೆ. ‘ಎಕೋ %ಪಾಥ್%’ ಹೊಡೆದು ಬಂದಿದ್ದನ್ನು ನೋಟ್‌ಪ್ಯಾಡ್‌ಗೆ ಹಾಕಿ. ಕೊನೆಯಲ್ಲಿ ನಿಮ್ಮ ಯೂಸರ್ ಫೋಲ್ಡರ್‌ನವು ಸೇರಿರುತ್ತವೆ, ಅವನ್ನು ಬಿಟ್ಟು ಉಳಿದಿದ್ದನ್ನು ‘ಎನ್ವಿರಾನ್‌ಮೆಂಟ್ ವೇರಿಯಬಲ್ಸ್’ನಲ್ಲಿ ಸಿಸ್ಟಮ್ ಪಾಥ್‌ಗೆ ಎಡಿಟ್ ಬಟನ್ನಿಂದ ಸೇರಿಸಿ. ಫಾರ್ವರ್ಡ್ ಬಂದ ಕಮಾಂಡನ್ನು ಅಡ್ಮಿನ್ ಆಗಿ ಓಡಿಸಬೇಡಿ ಅಂತ ಎಷ್ಟು ಸಲ ಹೇಳಲಿ?

ಅದೇ ಸದಸ್ಯ: ಕಿಟಕಿ ಮುಚ್ಚಿಬಿಟ್ಟೆ ಸರ್...

ಉತ್ತರ: ಸೆಟ್‌ಎಕ್ಸ್ ಓಡಿಸುವ ಮೊದಲೇ ತೆರೆದಿಟ್ಟ ವಿಎಸ್ ಕೋಡ್ (ಕೋಡ್ ಬರೆಯುವ ಎಡಿಟರ್) ಇದ್ದರೆ ಅದರ ಟರ್ಮಿನಲ್ಲಿನಲ್ಲಿ ನೋಡಿ. ಆ ಟರ್ಮಿನಲ್ ಪವರ್‌ಶೆಲ್ ಆದರೆ ಎಕೋ ಬದಲು ‘$ಎನ್ವಿ:ಪಾಥ್’ ಹೊಡೆಯಿರಿ.

ಪ್ರಶ್ನೆ: ಪೈಥಾನ್ ಹೊಡೆದರೆ ಸ್ಟೋರ್ ಬರುತ್ತಿದೆ.

ಉತ್ತರ: ಮೇಲೆ ಓದಿ.

ಸದಸ್ಯ 1: ಡಿಫೆಂಡರ್ (ವಿಂಡೋಸ್‌ನ ಆಂಟಿವೈರಸ್) ಆಫ್ ಮಾಡಿದರೆ ಬಿಲ್ಡ್ (ಕೋಡನ್ನು ಪ್ರೋಗ್ರಾಂ ಆಗಿಸುವ ಕೆಲಸ) ಜೋರಾಗಿ ಓಡುತ್ತದೆ. ಫಾರ್ವರ್ಡ್ ಮಾಡಿದ್ದೇನೆ, ನೋಡಿ.

ಸದಸ್ಯ 2: ಇದಕ್ಕೆಲ್ಲ ಲಿನಕ್ಸ್ ಹಾಕಿಕೊಳ್ಳಿ ಅನ್ನೋದು.

ಸದಸ್ಯ 1: ಕೇಳಿದ್ದು ವಿಂಡೋಸ್ ಬಗ್ಗೆ. ನಿಮ್ಮದು ಯಾವಾಗಲೂ ಅದೇ ರಾಗ.

ಸದಸ್ಯ 2: ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಡಬ್ಲ್ಯೂಎಸ್ಎಲ್ ಇದೆ. ಗೊತ್ತಿಲ್ಲದಿದ್ದರೆ ಸುಮ್ನೆ ಇರಿ.

ಸದಸ್ಯ 1: ಅದರಲ್ಲಿ ಸಿ ಡ್ರೈವ್‌ನ ಪ್ರಾಜೆಕ್ಟ್ ತೆರೆದು ನೋಡಿ, ಎಷ್ಟು ನಿಧಾನ ಅಂತ ಗೊತ್ತಾಗುತ್ತದೆ.

ಸದಸ್ಯ 2: ಪ್ರಾಜೆಕ್ಟನ್ನು ಲಿನಕ್ಸ್ ಕಡೆಯ ಹೋಮ್ ಫೋಲ್ಡರ್‌ನಲ್ಲಿ ಇಡಬೇಕು. ಸಿ ಡ್ರೈವ್‌ನಲ್ಲಿ ಇಟ್ಟು ಬೈಯುವುದು ಯಾಕೆ?

ಉತ್ತರ: ಇಬ್ಬರೂ ಬೇರೆ ಕಡೆ ಜಗಳ ಆಡಿ. ಡಿಫೆಂಡರ್ ಆಫ್ ಮಾಡಬೇಡಿ. ಎನ್‌ಪಿಎಂನಿಂದ (ಜಾವಾಸ್ಕ್ರಿಪ್ಟ್ ಪ್ಯಾಕೇಜ್ ಇಳಿಸುವ ಸಾಧನ) ಯಾರ್ಯಾರದೋ ನೂರಾರು ಪ್ಯಾಕೇಜ್ ಇಳಿಸುವ ಹೊತ್ತಲ್ಲೇ ಕಾವಲು ಎಬ್ಬಿಸಿ ಕಳಿಸುತ್ತೀರಾ?

ಪ್ರಶ್ನೆ: ಡಾಕರ್ ಬಗ್ಗೆ ಕೇಳಿದ್ದೆ...

ಸೆಟ್‌ಎಕ್ಸ್ ಸದಸ್ಯ: ವಿಎಸ್ ಕೋಡ್‌ನಲ್ಲಿ ಸಿಕ್ಕಿತು ಸರ್! ಜಾವಾ ಬಂತು, ಗಿಟ್ ಮಾತ್ರ ಇಲ್ಲ.

ಉತ್ತರ: ಕಾಪಿ ಮಾಡುವಾಗ ಸಾಲು ನಡುವೆ ಮುರಿದಿರುತ್ತದೆ. ನೋಟ್‌ಪ್ಯಾಡ್‌ನಲ್ಲಿ ಗಿಟ್ ಇರುವ ಜಾಗ ನೋಡಿ, ಕೂಡಿಸಿ, ಹೊಸ ಕಿಟಕಿ ತೆರೆಯಿರಿ.

ಪ್ರಶ್ನೆ: ಸರ್, ಪೈಥಾನ್ ಅಂದರೆ ಸ್ಟೋರ್...

ಉತ್ತರ: ಮೇಲೆ.