ಪಿಕ್ಸೆಲ್ ಆರ್ಟ್‌ನಲ್ಲಿ ಯಾವ ಸ್ಟೈಲ್ ಹಿಡೀಲಿ? ತಲೆ ಕೆಟ್ಟೋಗಿದೆ

ಚೌಕದಪ್ಪ:
ಒಬ್ನೇ ಕೂತು ಒಂದು ಪ್ಲಾಟ್‌ಫಾರ್ಮರ್ (ಓಡ್ತಾ ಹಾರ್ತಾ ಹೋಗೋ) ಗೇಮ್ ಮಾಡ್ತಿದೀನಿ, ಕೋಡಿಂಗ್ ಮುಕ್ಕಾಲು ಪಾಲು ಮುಗೀತು, ಆರ್ಟ್ ಮಾತ್ರ ಇನ್ನೂ ಒಂದು ಹದಕ್ಕೆ ಬಂದಿಲ್ಲ. ಮೊದ್ಲು ಹಳೇ ಕೈಲಿ ಹಿಡಿಯೋ ಗೇಮ್ ಬಾಯ್ ಮಷೀನ್ ಥರ ನಾಲ್ಕೇ ಶೇಡ್‌ನಲ್ಲಿ ಶುರು ಮಾಡ್ದೆ, ಬೋರ್ ಆಯ್ತು ಅಂತ 16-ಬಿಟ್ ಕಾಲದ ಗೇಮ್‌ಗಳ ಥರ ಬಣ್ಣ ತುಂಬ್ದೆ, ಈಗ ಹೀರೋ 32×32 ಪಿಕ್ಸೆಲ್ ಇದಾನೆ, ಶತ್ರುಗಳನ್ನ 16×16ನಲ್ಲಿ ಬರೆದು ಎರಡು ಪಟ್ಟು ಹಿಗ್ಗಿಸಿ ಇಟ್ಟಿದೀನಿ. ನೋಡಿದ್ರೆ ಮೂರು ಗೇಮ್ ಕಲಸಿದಂಗಿದೆ. 1-ಬಿಟ್‌ಗೆ, ಅಂದ್ರೆ ಎರಡೇ ಬಣ್ಣಕ್ಕೆ, ಹೋಗ್ಬಿಟ್ರೆ ಕೆಲಸ ಕಮ್ಮಿ ಆಗುತ್ತಾ?

ಕುಂಚಗೇಡಿ:
ಹಿಗ್ಗಿಸಿದ್ದೇ ಎಡವಟ್ಟು ಗುರು. ಒಂದೇ ಸ್ಕ್ರೀನಲ್ಲಿ ಒಂದ್ಕಡೆ ಸಣ್ಣ ಪಿಕ್ಸೆಲ್ ಇನ್ನೊಂದ್ಕಡೆ ದಪ್ಪ ಪಿಕ್ಸೆಲ್ ಇದ್ರೆ ಕಣ್ಣಿಗೆ ರಪ್ ಅಂತ ಹೊಡೆಯುತ್ತೆ, ಮಿಕ್ಸೆಲ್ಸ್ ಅಂತ ಬೈಯೋದು ಇದಕ್ಕೇ. ಮೊದ್ಲು ರೆಸಲ್ಯೂಷನ್ ಒಂದು ಫಿಕ್ಸ್ ಮಾಡ್ಕೋ. 320×180 ಹಿಡಿದ್ರೆ 4 ಪಟ್ಟಿಗೆ 720, 6 ಪಟ್ಟಿಗೆ 1080 ಚೂರೂ ಮಿಗದಂಗೆ ಕೂರುತ್ತೆ, ಸೆಲೆಸ್ಟ್ ಗೇಮ್‌ದೂ ಇದೇ ಅಳತೆ. ಸ್ಟೈಲ್ ಮಾತು ಆಮೇಲೆ.

ಅರ್ಧಬಿಟ್:
1-ಬಿಟ್ ಸುಲಭ ಅನ್ಕೊಂಡು ನಾನೂ ಹಳ್ಳಕ್ಕೆ ಬಿದ್ದಿದ್ದೆ. ಎರಡೇ ಬಣ್ಣ ಅಂದ್ಮೇಲೆ ಹಿಂದಿನ ಗೋಡೆ ಯಾವ್ದು, ಕಾಲಿಡೋ ಜಾಗ ಯಾವ್ದು ಅನ್ನೋದನ್ನ ಬರೀ ಆಕಾರದಲ್ಲೇ ತೋರಿಸ್ಬೇಕು, ಡಿದರಿಂಗ್ (ಚುಕ್ಕಿ ಚುಕ್ಕಿ ಇಟ್ಟು ನಡುವಿನ ಶೇಡ್ ತೋರಿಸೋದು) ಹಾಕಿದ್ರೆ ಕ್ಯಾಮೆರಾ ಅಲ್ಲಾಡಿದಾಗೆಲ್ಲ ಚುಕ್ಕಿ ಮಿಣಮಿಣ ಅನ್ನುತ್ತೆ. ನನ್ ಪ್ರಕಾರ ನಿಂಟೆಂಡೋದ ಹಳೇ ಗೇಮ್ ಮಷೀನ್ ಎನ್‌ಇಎಸ್ ಥರ ಹೋಗು, ಒಂದು ಸ್ಪ್ರೈಟ್‌ಗೆ (ಹೀರೋ, ಶತ್ರು ಥರ ಓಡಾಡೋ ಚಿತ್ರಕ್ಕೆ) ಮೂರು ಬಣ್ಣ ಪ್ಲಸ್ ಪಾರದರ್ಶಕ, ಅಷ್ಟೇ. 32×32 ಅಂದ್ರೆ 16×16ಗಿಂತ ನಾಲ್ಕು ಪಟ್ಟು ಪಿಕ್ಸೆಲ್, ಓಡೋದು ಹಾರೋದು ಹೊಡೆಯೋದು ಅಂತ ಫ್ರೇಮ್ ಎಣಿಸಿ ನೋಡು ಒಬ್ನೇ ಎಲ್ಲಿ ಮುಗಿಸ್ತೀಯ.

ಕುಂಚಗೇಡಿ:
ಅಳತೆ ಒಪ್ಪಿದೆ, ಆದ್ರೆ ರೂಲ್ಸ್‌ನ ನೂರಕ್ಕೆ ನೂರು ಪಾಲಿಸೋ ಹಠ ಯಾಕೆ? ಹಳೇ ಮಷೀನಲ್ಲಿ ಒಂದು ಗೆರೆ ಮೇಲೆ 8ಕ್ಕಿಂತ ಜಾಸ್ತಿ ಸ್ಪ್ರೈಟ್ ಬಂದ್ರೆ ಮಿನುಗ್ತಿತ್ತು, ಅದನ್ನೂ ತರ್ತೀಯಾ? 2014ರ ಶವಲ್ ನೈಟ್ ಗೇಮ್ ನೋಡು, ಲುಕ್ ಹಳೇದು, ಆದ್ರೆ ವೈಡ್‌ಸ್ಕ್ರೀನ್ ಇದೆ, ಪ್ಯಾಲೆಟ್‌ಗೆ ಒಂದೆರಡು ಬಣ್ಣ ಕದ್ದು ಸೇರಿಸಿದಾರೆ. ಯಾರೂ ಬೈದಿಲ್ಲ. ಇನ್ನೊಂದು, ನೆರಳಿಗೆ ಅದೇ ಬಣ್ಣಕ್ಕೆ ಕಪ್ಪು ಬೆರೆಸ್ಬೇಡ, ಮಣ್ಣು ಮಣ್ಣಾಗುತ್ತೆ, ನೇರಳೆ ಕಡೆಗೆ ಎಳಿ.

ಚೌಕದಪ್ಪ:
ರಾತ್ರಿ ಕೂತು ಎಲ್ಲಾ 16×16ಗೆ ಇಳಿಸ್ದೆ. ಹೀರೋಗೆ ಬಾಯೇ ಇಲ್ಲ ಈಗ, ಪರ್ವಾಗಿಲ್ಲ, ಟೋಪಿ ಹಾಕಿದ್ಮೇಲೆ ಗುರುತು ಸಿಗ್ತಾನೆ. ಶತ್ರುಗಳೂ ಅದೇ ಗೇಮ್‌ನವರು ಅನ್ನಿಸ್ತಿದೆ, ಆದ್ರೆ ಕತ್ತಿ ಒಂದೇ ಪಿಕ್ಸೆಲ್ ದಪ್ಪ, ಕಡ್ಡಿ ಹಿಡ್ಕೊಂಡಂಗಿದೆ.

ಅರ್ಧಬಿಟ್:
ನಿಂತಾಗ ಕಡ್ಡಿನೇ ಇರ್ಲಿ ಬಿಡು. ಬೀಸೋ ಫ್ರೇಮಲ್ಲಿ ಮಾತ್ರ ಕತ್ತಿ ತೆಗ್ದು ಆ ಜಾಗದಲ್ಲಿ ಬಿಳಿ ಕಮಾನು ಒಂದು ಬಳಿ, ಆಚೆ ಫ್ರೇಮಲ್ಲಿ ಅಳಿಸ್ಬಿಡು. ಅದೆಷ್ಟು ದಪ್ಪ ಅಂತ ನೋಡೋಷ್ಟರಲ್ಲಿ ಶತ್ರು ಸತ್ತಿರ್ತಾನೆ.